ಪಕ್ಕದಲ್ಲಿ ನಿಂತವಳನ್ನು ನೋಡುವುದು

ಸಂಗೀತ ಕಛೇರಿಗೆ ಹೊಸದಾಗಿ ಹೋಗುವವರ ಕಣ್ಣೆಲ್ಲ ಗಾಯಕರ ಮೇಲೆಯೇ. ನಾಲ್ಕಾರು ಕಛೇರಿ ಕೇಳಿದ ಮೇಲೆ ಕಿವಿ ತಾನಾಗಿ ಪಿಟೀಲಿನತ್ತ, ಮೃದಂಗದತ್ತ ಹೊರಳುತ್ತದೆ. ಹಾಡುವವರು ಬಿಟ್ಟ ಜಾಗದಲ್ಲಿ ಇವರು ಏನಿಡುತ್ತಾರೆ ಎಂಬ ಕುತೂಹಲ ಹುಟ್ಟುತ್ತದೆ. ಹಳೆಯ ಹಾಲಿವುಡ್ ಚಿತ್ರಗಳ ಪೋಷಕ ನಟರನ್ನು ಸವಿಯುವುದಕ್ಕೂ ಇದೇ ಅಭ್ಯಾಸ ಬೇಕು. ಪಾಠ ಶುರು ಮಾಡಲು ಥೆಲ್ಮಾ ರಿಟರ್ ಸಾಕು.

ಬ್ರೂಕ್ಲಿನ್‌ನಲ್ಲಿ 1902ರಲ್ಲಿ ಹುಟ್ಟಿದವಳು ಈಕೆ. ನಟನೆ ಕಲಿತು, ನಾಟಕಗಳಲ್ಲಿ ಒಂದಿಷ್ಟು ಕಾಲ ದುಡಿದು, ಮದುವೆಯಾಗಿ, ಇಬ್ಬರು ಮಕ್ಕಳನ್ನು ಸಾಕಿ, ರೇಡಿಯೋದಲ್ಲಿ ಪಾತ್ರ ಮಾಡುತ್ತಿದ್ದವಳು ಸಿನಿಮಾಕ್ಕೆ ಬಂದದ್ದು ನಲವತ್ತೈದರ ವಯಸ್ಸಿನಲ್ಲಿ. 1947ರ ‘ಮಿರಾಕಲ್ ಆನ್ ಥರ್ಟಿಫೋರ್ತ್ ಸ್ಟ್ರೀಟ್’ನಲ್ಲಿ ಆಕೆಯ ಹೆಸರನ್ನೂ ತೆರೆಯ ಮೇಲೆ ಹಾಕಿಲ್ಲ. ಕ್ರಿಸ್‌ಮಸ್ ಕಾಲ, ಮೇಸೀಸ್ ಅಂಗಡಿ. ಮಗನಿಗೆ ಆಟಿಕೆಯ ಫೈರ್ ಇಂಜಿನ್ ಹುಡುಕಿ ಕಾಲು ಸೋತ ತಾಯಿ. ಸಾಂಟಾ ವೇಷದ ಮುದುಕ, ಅದು ಇನ್ನೊಂದು ಅಂಗಡಿಯಲ್ಲಿ ಸಿಗುತ್ತದೆ, ಹೋಗಿ ತೆಗೆದುಕೊಳ್ಳಿ ಅನ್ನುತ್ತಾನೆ. ವ್ಯಾಪಾರಕ್ಕೆ ಕೂತವನೇ ಗಿರಾಕಿಯನ್ನು ಎದುರಂಗಡಿಗೆ ಕಳಿಸುವುದುಂಟೇ? ಇವನು ತಮಾಷೆ ಮಾಡುತ್ತಿದ್ದಾನೋ, ತಲೆ ಕೆಟ್ಟಿದೆಯೋ, ನಿಜವಾಗಿ ಒಳ್ಳೆಯವನೋ ಎಂದು ಆಕೆ ಲೆಕ್ಕ ಹಾಕುವುದನ್ನು ನೋಡಬೇಕು. ಪಾತ್ರ ಮುಗಿದುಹೋಗುತ್ತದೆ, ಆದರೆ ಆ ತಾಯಿಯ ಇಡೀ ದಿನದ ಆಯಾಸ ನಮಗೆ ಗೊತ್ತಾಗಿರುತ್ತದೆ.

ಮೊದಲ ಅಭ್ಯಾಸಕ್ಕೆ ಹಿಚ್‌ಕಾಕ್‌ನ ‘ರಿಯರ್ ವಿಂಡೋ’ (1954) ಒಳ್ಳೆಯದು. ಕಾಲು ಮುರಿದು ಗಾಲಿಕುರ್ಚಿಯಲ್ಲಿ ಕೂತ ಜೇಮ್ಸ್ ಸ್ಟುವರ್ಟ್, ಬೆಡಗಿನ ಗ್ರೇಸ್ ಕೆಲಿ, ಇವರ ನಡುವೆ ದಿನಾ ಬಂದು ಆರೈಕೆ ಮಾಡಿ ಹೋಗುವ ನರ್ಸ್ ಸ್ಟೆಲ್ಲಾ. ಒಮ್ಮೆ ನೋಡಿದವರು ಎರಡನೇ ಸಲ ಸ್ಟೆಲ್ಲಾಳ ಕೈಗಳನ್ನಷ್ಟೇ ನೋಡಲಿ. ಪಕ್ಕದ ಮನೆಗಳನ್ನು ಇಣುಕುವುದು ತಪ್ಪು ಎಂದು ಬೈಯುತ್ತಲೇ ಆಕೆ ಅವನ ಬೆನ್ನು ತಿಕ್ಕುತ್ತಾಳೆ. ಮಾತು ಖಾರ, ಕೈ ಕಸುಬಿನದು. ಮುಂದೆ ಅವಳಿಗೇ ಇಣುಕುವ ಚಪಲ ಹತ್ತುತ್ತದೆ. ಎದುರು ಮನೆಯವನು ಹೆಂಡತಿಯನ್ನು ಎಲ್ಲಿಟ್ಟು ಕೊಯ್ದಿರಬಹುದು ಎಂದು, ಸೊಪ್ಪು ಹೆಚ್ಚುವ ವಿಷಯ ಮಾತಾಡುವಷ್ಟು ಸಲೀಸಾಗಿ ಹೇಳುತ್ತಾಳೆ. ತಿಂಡಿ ತಿನ್ನುತ್ತಿದ್ದ ಸ್ಟುವರ್ಟ್‌ಗೆ ತುತ್ತು ಒಳಗಿಳಿಯುವುದಿಲ್ಲ. ನಗು ಹುಟ್ಟುವುದು ಅವನ ಮುಖದಲ್ಲಿ, ಹುಟ್ಟಿಸಿದ್ದು ಅವಳು. ಪಕ್ಕವಾದ್ಯದ ಕೆಲಸವೆಂದರೆ ಇದು.

ಎರಡನೆಯದು ಸುಮ್ಮನೆ ಕೇಳಿಸಿಕೊಳ್ಳುವ ನಟನೆ. ‘ಆಲ್ ಅಬೌಟ್ ಈವ್’ (1950) ಚಿತ್ರದಲ್ಲಿ ಬೆಟಿ ಡೇವಿಸ್ ದೊಡ್ಡ ರಂಗನಟಿ ಮಾರ್ಗೋ. ರಿಟರ್ ಅವಳ ಉಡುಗೆ ನೋಡಿಕೊಳ್ಳುವ ಬರ್ಡಿ. ಈವ್ ಎಂಬ ಬಡಪಾಯಿ ಅಭಿಮಾನಿ ಬಂದು ತನ್ನ ಕಷ್ಟದ ಕಥೆ ಹೇಳಿದಾಗ ಕೋಣೆಯಲ್ಲಿರುವವರೆಲ್ಲ ಕರಗಿಹೋಗುತ್ತಾರೆ. ಆ ಮೌನಕ್ಕೆ ಬರ್ಡಿ ಒಂದು ಕೊಂಕು ಮಾತು ಎಸೆದು ಮಾರ್ಗೋಳಿಂದ ಬೈಸಿಕೊಳ್ಳುತ್ತಾಳೆ. ಹೊಸಬರು ಇಲ್ಲಿ ಬರ್ಡಿಯನ್ನು ಒರಟು ಹೆಂಗಸೆಂದುಕೊಂಡು ಮುಂದೆ ಹೋಗುತ್ತಾರೆ. ಆದರೆ ರಂಗದ ಒಳಹೊರಗು ಬಲ್ಲ ಬರ್ಡಿಗೆ ಈವ್‌ಳ ವಾಸನೆ ಎಲ್ಲರಿಗಿಂತ ಮೊದಲೇ ಬಡಿದಿದೆ. ಆಮೇಲೊಂದು ಬೆಳಗ್ಗೆ ಮಾರ್ಗೋ ಕೇಳಿದಾಗ ಆಕೆ ಕೊಂಕನ್ನೆಲ್ಲ ಬದಿಗಿಟ್ಟು, ಆ ಹುಡುಗಿ ನಿನ್ನನ್ನು ಪುಸ್ತಕದ ಹಾಗೆ ಓದುತ್ತಿದ್ದಾಳೆ ಎಂಬರ್ಥದ ಮಾತನ್ನು ತಗ್ಗಿದ ದನಿಯಲ್ಲಿ ಹೇಳುತ್ತಾಳೆ. ಕಿವಿಗೊಡಬೇಕಾದದ್ದು ಆ ಶ್ರುತಿ ಬದಲಾವಣೆಗೆ. ಚಿತ್ರದ ಅರ್ಧಕ್ಕೆ ಬರ್ಡಿ ಸದ್ದಿಲ್ಲದೆ ಮಾಯವಾಗುವುದು ಮಾತ್ರ ನಿರ್ದೇಶಕ ಜೋಸೆಫ್ ಮ್ಯಾಂಕೀವಿಚ್ ಮಾಡಿದ ಸಣ್ಣ ಅನ್ಯಾಯ. ‘ದಿ ಮಿಸ್‌ಫಿಟ್ಸ್’ನಲ್ಲೂ (1961) ಹಾಗೇ ಆಯಿತು: ಮರ್ಲಿನ್ ಮನ್ರೋಳ ಗೆಳತಿಯಾಗಿ ಕೈಗೆ ಜೋಳಿಗೆ ಪಟ್ಟಿ ಕಟ್ಟಿಕೊಂಡು ಬಂದವಳು ನಡುದಾರಿಯಲ್ಲಿ ಇಳಿದುಹೋಗುತ್ತಾಳೆ, ಚಿತ್ರದ ನಗುವೂ ಅವಳ ಹಿಂದೆಯೇ ಹೋಗುತ್ತದೆ.

ಬರ್ಡಿ ಪಾತ್ರದಿಂದ ಶುರುವಾಗಿ ಸತತ ನಾಲ್ಕು ವರ್ಷದ ಚಿತ್ರಗಳಿಗೆ, ಒಟ್ಟು ಆರು ಸಲ, ಆಕೆ ಪೋಷಕ ನಟಿಯ ಆಸ್ಕರ್‌ಗೆ ನಾಮನಿರ್ದೇಶನಗೊಂಡಳು. ಒಂದೂ ಸಿಗಲಿಲ್ಲ. ಬ್ರಾಡ್‌ವೇಯಲ್ಲಿ ‘ನ್ಯೂ ಗರ್ಲ್ ಇನ್ ಟೌನ್’ ಸಂಗೀತ ನಾಟಕಕ್ಕೆ 1958ರಲ್ಲಿ ಟೋನಿ ಪ್ರಶಸ್ತಿ ಬಂತು. ಅದನ್ನೂ ಅದೇ ನಾಟಕದ ನಟಿ ಗ್ವೆನ್ ವರ್ಡನ್ ಜತೆ ಹಂಚಿಕೊಳ್ಳಬೇಕಾಯಿತು. ಆಸ್ಕರ್‌ನ ಆ ಆರರಲ್ಲಿ ಒಂದಾದ ‘ದಿ ಮೇಟಿಂಗ್ ಸೀಸನ್’ನಲ್ಲಂತೂ (1951) ಕಥೆಯೇ ಆಕೆಯದು. ಮಗನ ಹೊಸ ಸಂಸಾರ ನೋಡಲು ಬಂದ ಅತ್ತೆಯನ್ನು ಸೊಸೆ ಅಡುಗೆಯವಳೆಂದು ತಿಳಿಯುತ್ತಾಳೆ, ಅತ್ತೆ ಮರುಮಾತಿಲ್ಲದೆ ಅಡುಗೆಮನೆಗೆ ನಡೆಯುತ್ತಾಳೆ. ಇದನ್ನೂ ಪೋಷಕ ಪಾತ್ರವೆಂದೇ ಎಣಿಸಿದರು!

ಟೆಲಿವಿಷನ್ ಆಕೆಯನ್ನು ನಡುವಿಗೆ ತಂದು ನಿಲ್ಲಿಸಿತು. 1955ರಲ್ಲಿ ‘ಗುಡ್‌ಇಯರ್ ಟೆಲಿವಿಷನ್ ಪ್ಲೇಹೌಸ್’ ಮಾಲಿಕೆಯಲ್ಲಿ ಪ್ಯಾಡಿ ಚಯೆಫ್‌ಸ್ಕಿ ಬರೆದ ‘ದಿ ಕೇಟರ್ಡ್ ಅಫೇರ್’ ಪ್ರಸಾರವಾಯಿತು. ಮಗಳ ಮದುವೆ ಭರ್ಜರಿಯಾಗಬೇಕೆಂದು ಹಟ ಹಿಡಿದ, ಟ್ಯಾಕ್ಸಿ ಓಡಿಸುವವನ ಹೆಂಡತಿ ರಿಟರ್. ಆ ದಿನಗಳ ನೇರಪ್ರಸಾರದ ನಾಟಕದಲ್ಲಿ ತಪ್ಪಿದರೆ ಮತ್ತೊಂದು ಟೇಕ್ ಇಲ್ಲ. ಮರುವರ್ಷ ಅದೇ ಕಥೆ ಸಿನಿಮಾ ಆದಾಗ ಆ ತಾಯಿಯಾದವಳು ಬೆಟಿ ಡೇವಿಸ್. ತೆರೆಯ ಮೇಲೆ ಬರ್ಡಿ ನೋಡಿಕೊಂಡ ಉಡುಪನ್ನು ಮಾರ್ಗೋ ತೊಟ್ಟಳು. ಇಲ್ಲಿ ಬರ್ಡಿಯ ಪಾತ್ರವನ್ನೇ ತೊಟ್ಟಳು.

ಇಷ್ಟಾದ ಮೇಲೆ ಸ್ಯಾಮ್ಯುಯೆಲ್ ಫುಲ್ಲರ್‌ನ ‘ಪಿಕಪ್ ಆನ್ ಸೌತ್ ಸ್ಟ್ರೀಟ್’ (1953) ಹಾಕಬೇಕು, ಇದಕ್ಕೆ ಮುಂಚೆ ಬೇಡ. ರಿಟರ್ ಇಲ್ಲಿ ಮೋ: ಟೈ ಮಾರುತ್ತ, ಜೇಬುಗಳ್ಳರ ಸುಳಿವನ್ನು ಪೊಲೀಸರಿಗೆ ದುಡ್ಡಿಗೆ ಕೊಡುವ ಮುದುಕಿ. ಅನಾಥ ಹೆಣಗಳ ಗುಂಡಿಗೆ ಬೀಳಬಾರದು, ಮರ್ಯಾದೆಯ ಮಣ್ಣು ಸಿಗಬೇಕು ಎಂದು ಕಾಸಿಗೆ ಕಾಸು ಕೂಡಿಸುತ್ತಿರುವವಳು. ಪೊಲೀಸರೊಂದಿಗೆ ಆಕೆ ಸುಳಿವಿನ ಬೆಲೆ ಚೌಕಾಸಿ ಮಾಡುವುದು ಮಜವಾಗಿದೆ. ಅದೇ ಮೋ ಒಂದು ರಾತ್ರಿ ದಣಿದು ಕೋಣೆಗೆ ಬರುತ್ತಾಳೆ, ಗ್ರಾಮಫೋನಿನಲ್ಲಿ ಹಾಡು ಹಚ್ಚುತ್ತಾಳೆ. ಕೊಲ್ಲಲು ಬಂದವನು ಒಳಗೇ ಇದ್ದಾನೆ. ಚೀರುವುದಿಲ್ಲ, ಓಡುವುದಿಲ್ಲ. ಇಷ್ಟು ದಿನ ನಗಿಸಿದ ಅದೇ ಗೊಗ್ಗರು ದನಿಯಲ್ಲಿ, ಸಾಕಾಗಿದೆ ಎಂಬುದನ್ನು ಲೆಕ್ಕ ಒಪ್ಪಿಸುವವಳ ಹಾಗೆ ಹೇಳುತ್ತಾಳೆ. ಜೇಬುಗಳ್ಳನೊಬ್ಬನ ಸುಳಿವು ಕೊಟ್ಟರೆ ಹಣ ಸಿಗುತ್ತದೆ, ಕೊಡುವುದಿಲ್ಲ. ಕ್ಯಾಮೆರಾ ಆಕೆಯನ್ನು ಬಿಟ್ಟು ಗ್ರಾಮಫೋನಿನ ಕಡೆ ಸರಿಯುತ್ತದೆ. ಗುಂಡಿನ ಸದ್ದಷ್ಟೇ ಕೇಳುತ್ತದೆ.

ಹೆಚ್ಚಿನವರು ಇಲ್ಲಿಗೆ ಆಕೆಯ ಪಾತ್ರ ಮುಗಿಯಿತೆಂದುಕೊಳ್ಳುತ್ತಾರೆ. ಇನ್ನೊಂದು ದೃಶ್ಯ ಕಾಯಬೇಕು. ಅನಾಥ ಶವಗಳ ಪೆಟ್ಟಿಗೆಗಳನ್ನು ಸಾಗಿಸುವ ದೋಣಿಗೆ ಬಂದು, ಮೋ ಸುಳಿವು ಮಾರಿದ್ದ ಅದೇ ಜೇಬುಗಳ್ಳ ಸ್ಕಿಪ್, ರಿಚರ್ಡ್ ವಿಡ್‌ಮಾರ್ಕ್, ಅವಳ ಪೆಟ್ಟಿಗೆಯನ್ನು ಕೇಳಿ ಬಿಡಿಸಿಕೊಳ್ಳುತ್ತಾನೆ. ರಿಟರ್ ತೆರೆಯ ಮೇಲಿಲ್ಲ. ನಾಯಕ ಮಾತ್ರ ಅವಳ ಲೆಕ್ಕವನ್ನೇ ತೀರಿಸುತ್ತಿದ್ದಾನೆ.