ನಕಾಶೆಯ ಊರು, ನಡೆಯುವ ಊರು

ನಗರ ಬೆಳವಣಿಗೆಯನ್ನು ಕುರಿತ ಚರ್ಚೆಗಳಲ್ಲಿ ಎರಡು ದೃಷ್ಟಿಗಳು ಸಾಮಾನ್ಯವಾಗಿ ಎದುರುಬದುರಾಗುತ್ತವೆ. ಬೆಳವಣಿಗೆಯನ್ನೇ ಅಭಿವೃದ್ಧಿಯೆಂದು ಭಾವಿಸುವ ಯೋಜಕರದು ಒಂದು. ಅದನ್ನು ಸಂಸ್ಕೃತಿಯ ನಾಶವೆಂದು ಕಾಣುವ ಜಾನಪದ ವಿದ್ವಾಂಸರದು ಇನ್ನೊಂದು. ಕೊಪ್ಪಳ ತಾಲೂಕಿನ ಹಿಟ್ನಾಳ ಪರಿಸರವನ್ನು ಮುಂದಿಟ್ಟುಕೊಂಡು ನೋಡಿದರೆ ಇವೆರಡೂ ಅಪೂರ್ಣವೆನಿಸುತ್ತವೆ.

ಹಿಟ್ನಾಳದ ಒಂದು ಮಗ್ಗುಲಿಗೆ 1953ರಲ್ಲಿ ನೀರು ಹರಿಸಿದ ತುಂಗಭದ್ರಾ ಜಲಾಶಯ, ಇನ್ನೊಂದು ಮಗ್ಗುಲಿಗೆ ಹೊಸಪೇಟೆಯತ್ತ ಸಾಗುವ ಹೆದ್ದಾರಿ, ಅನತಿ ದೂರದಲ್ಲಿ ಗಿಣಿಗೇರಿ ಭಾಗದ ಕಬ್ಬಿಣದ ಕಾರ್ಖಾನೆಗಳು. 1997ರಲ್ಲಿ ಕೊಪ್ಪಳ ಜಿಲ್ಲೆಯಾದ ಮೇಲೆ ಈ ಪಟ್ಟಿಯ ಹೊಲಗಳು ನಿವೇಶನಗಳಾಗತೊಡಗಿದವು. ಊರು ನಗರವಾಗದೆಯೇ ನಗರದ ಒತ್ತಡಕ್ಕೆ ಸಿಲುಕಿದ ಸ್ಥಿತಿ ಇದು.

1961ರ ಕರ್ನಾಟಕ ನಗರ ಮತ್ತು ಗ್ರಾಮಾಂತರ ಯೋಜನಾ ಕಾಯ್ದೆಯ ಅಡಿಯಲ್ಲಿ ರೂಪುಗೊಳ್ಳುವ ನಕಾಶೆಗಳು ಭೂಮಿಯನ್ನು ವಸತಿ, ವಾಣಿಜ್ಯ, ಕೈಗಾರಿಕೆ, ಕೃಷಿ ಎಂದು ವಿಂಗಡಿಸುತ್ತವೆ. ಒಂದು ಜಾಗಕ್ಕೆ ಒಂದು ಬಳಕೆ ಎಂಬುದು ಇದರ ಹಿಂದಿನ ಗ್ರಹಿಕೆ. ಜನಪದರ ಲೆಕ್ಕದಲ್ಲಿ ಜಾಗದ ಬಳಕೆ ದಿನಮಾನಕ್ಕೆ ತಕ್ಕಂತೆ ಬದಲಾಗುತ್ತದೆ. ಅಲಾಯಿ ಕುಣಿ ಮೊಹರಂ ದಿನಗಳಲ್ಲಿ ಊರಿನ ನಡುವಣ ಕೇಂದ್ರ. ಉಳಿದಂತೆ ಬರಿಯ ತಗ್ಗು. ಅಗಸಿ ಮುಂದಿನ ಬಯಲು ಕಾರಹುಣ್ಣಿಮೆಯಂದು ಕರಿ ಹರಿಯುವ ನೆಲ. ಸಮೀಪದ ಹುಲಿಗಿಗೆ ಹುಣ್ಣಿಮೆ ಬಂದಾಗಲೆಲ್ಲ ಜನ ಹರಿದುಬರುತ್ತಾರೆ. ಅಳತೆಗೆ ಬಂದವರ ಕಣ್ಣಿಗೆ ಮಾತ್ರ ಇವೆಲ್ಲ ಖಾಲಿ ಜಾಗಗಳು.

1914ರಲ್ಲಿ ಭಾರತಕ್ಕೆ ಬಂದು ಇಲ್ಲಿನ ಹಲವು ಪಟ್ಟಣಗಳನ್ನು ಅಧ್ಯಯನ ಮಾಡಿದ ಪ್ಯಾಟ್ರಿಕ್ ಗೆಡ್ಡಿಸ್, ಯೋಜನೆಗೆ ಮೊದಲು ಜನಜೀವನದ ಸಮೀಕ್ಷೆ ನಡೆಯಬೇಕೆಂದು ವಾದಿಸಿದರು. ಆ ವಿವೇಕ ಇಂದಿಗೂ ಪ್ರಸ್ತುತ. ಹೊಳೆಯಾಚೆಯ ಹಂಪಿಯಲ್ಲಿ 2011ರಲ್ಲಿ ಬಜಾರಿನ ಸಾಲುಮಂಟಪಗಳಲ್ಲಿದ್ದ ಮನೆ, ಅಂಗಡಿಗಳನ್ನು ತೆರವುಗೊಳಿಸಲಾಯಿತು. ಸ್ಮಾರಕರಕ್ಷಣೆಯ ಕಾಳಜಿಯನ್ನು ಅಲ್ಲಗಳೆಯಲಾಗದು. ಆದರೆ ಬಜಾರನ್ನು ಉಳಿಸಲು ಅಲ್ಲಿ ವ್ಯಾಪಾರ ಮಾಡುವವರೇ ಹೊರಹೋಗಬೇಕಾದ ವೈರುಧ್ಯ ವಿಮರ್ಶೆಗೆ ಅರ್ಹವಾದುದು.

ಇಷ್ಟು ಹೇಳಿ ನಿಲ್ಲಿಸುವುದು ನಮ್ಮ ಶಿಸ್ತಿನ ಹಳೆಯ ಚಾಳಿ. ಆ ಅಗಸಿಯ ಒಳಗೆ ಯಾರಿದ್ದರು, ಹೊರಗೆ ಯಾರಿದ್ದರು ಎಂಬ ಪ್ರಶ್ನೆಯನ್ನು ನಾವು ಕೇಳುವುದು ಕಡಿಮೆ. ಊರು ಮತ್ತು ಕೇರಿಯ ವಿಂಗಡಣೆಯೂ ಒಂದು ಯೋಜನೆಯೇ. ಅದಕ್ಕೆ ನಕಾಶೆ ಇರಲಿಲ್ಲ, ಅಷ್ಟೆ. ಅಂಬೇಡ್ಕರ್ ಅವರು 1948ರಲ್ಲಿ ಸಂವಿಧಾನ ಸಭೆಯಲ್ಲಿ ಹಳ್ಳಿಯ ವೈಭವೀಕರಣವನ್ನು ನಿರಾಕರಿಸಿದ್ದು ಈ ಅನುಭವದ ಬಲದಿಂದ. ಕೇರಿಯ ಯುವಕನಿಗೆ ಹೆದ್ದಾರಿಯ ಬದಿಯ ಬಾಡಿಗೆ ಕೋಣೆ ಬಿಡುಗಡೆಯ ತಾಣವೂ ಆಗಬಹುದು. ಅವನ ಮುಂದೆ ನಾವು ಹಳ್ಳಿಯ ಸೊಗಸನ್ನು ಹಾಡಿದರೆ ಅದು ಯಾರ ಜಾನಪದ?

ಆದ್ದರಿಂದ ಆಯ್ಕೆಯಿರುವುದು ನಗರ ಮತ್ತು ಹಳ್ಳಿಗಳ ನಡುವೆ ಅಲ್ಲ. ಅಲಾಯಿ ಕುಣಿಯನ್ನು ಉಳಿಸಿಕೊಂಡೂ ಕೇರಿಯ ಗಡಿಯನ್ನು ಅಳಿಸುವ ಯೋಜನೆ ಸಾಧ್ಯವೇ ಎಂಬುದು ನಿಜವಾದ ಪ್ರಶ್ನೆ. ಕರಡು ಯೋಜನೆಗೆ ಆಕ್ಷೇಪಣೆ ಸಲ್ಲಿಸುವ ಅವಕಾಶ ಕಾಯ್ದೆಯಲ್ಲಿಯೇ ಇದೆ. ನಮ್ಮ ಕ್ಷೇತ್ರಕಾರ್ಯದ ಟಿಪ್ಪಣಿಗಳು ಆ ವೇಳೆಗೆ ಅಲ್ಲಿಗೆ ತಲುಪಬೇಕು. ಬಯಲು ಕಳೆದ ಮೇಲೆ ಅದರ ಹಾಡನ್ನು ಸಂಗ್ರಹಿಸುವುದಷ್ಟೇ ಜಾನಪದ ಅಧ್ಯಯನದ ಕೆಲಸವಾಗಬಾರದು.