ಚೆನ್ನಿಗರಾಯನ ಕೆರ

ಅರಸೀಕೆರೆಯಲ್ಲಿ ರೈಲಿಳಿದು ಬೇಲೂರು, ಹಳೇಬೀಡಿಗೆ ಬಸ್ಸು ಹಿಡಿಯುವವರಿಗೆ ಗೈಡುಗಳು ತೋರಿಸೋದು ಮದನಿಕೆಯರನ್ನ. 2023ರಲ್ಲಿ ಯುನೆಸ್ಕೊ ಸೋಮನಾಥಪುರದ ಜೊತೆ ಈ ಗುಡಿಗಳನ್ನೂ ವಿಶ್ವಪರಂಪರೆಯ ಪಟ್ಟಿಗೆ ಸೇರಿಸಿತು. ಸಂತೋಷವೇ. ಆದರೆ ಪರಂಪರೆ ಅಂದರೆ ಬರೀ ಕಲ್ಲೇ?

ಚೆನ್ನಿಗರಾಯನ ಕೆರ ಸವೆದರೆ ಆತ ಚನ್ನಗಿರಿ, ಬಸವಾಪಟ್ಟಣದ ಮಾದಿಗರ ಕನಸಿಗೆ ಬಂದು ಹೊಸ ಜೋಡು ಕೇಳುತ್ತಾನಂತೆ. ಬಿ.ಎಲ್. ರೈಸ್ ತಮ್ಮ ಮೈಸೂರು ಗೆಜೆಟಿಯರಿನಲ್ಲಿ ಇದನ್ನು ಬರೆದಿದ್ದಾರೆ. ಕೆರ ಒಪ್ಪಿಸುವುದಕ್ಕೆ ಅವರನ್ನು ಅಂಗಳಕ್ಕೆ ಬಿಡುತ್ತಿದ್ದರು ಎಂದೂ. ದೇವರು ಇವರ ಕನಸಿನೊಳಕ್ಕೆ ಬರಬಹುದು, ಇವರು ದೇವರ ಗುಡಿಯೊಳಕ್ಕೆ ಹೋಗಬಾರದು! ಇದೆಂಥ ಭಕ್ತಿ ಸ್ವಾಮಿ?

ಇದು ನಮ್ಮೂರಿನ ರೋಗ ಮಾತ್ರ ಅಲ್ಲ. ಕೊಚ್ಚಿಯಲ್ಲಿ 1568ರ ಪರದೇಸಿ ಸಿನಗಾಗ್ ಇದೆ, ಯೆಹೂದ್ಯರ ಪ್ರಾರ್ಥನಾಮಂದಿರ. ಅದರ ನೆಲದ ಚೀನೀ ಹಂಚನ್ನು ಹೊಗಳುವವರು ಬಹಳ. ಗುಲಾಮಗಿರಿಯಿಂದ ಬಿಡುಗಡೆಯಾದವರ ಮಕ್ಕಳಿಗೆ ಅಲ್ಲಿ ಸಮಾನ ಜಾಗವಿರಲಿಲ್ಲ ಅನ್ನೋದನ್ನ ನೆನೆಯುವವರು ಕಮ್ಮಿ. ಅವರಲ್ಲೇ ಹುಟ್ಟಿದ ವಕೀಲ ಎ.ಬಿ. ಸೇಲಂ ಸತ್ಯಾಗ್ರಹ ಹೂಡಿ ಆ ಬೇಲಿ ಮುರಿಯಲು ಹೋರಾಡಿದರು.

ಬೇಲೂರಿನ ಕಲ್ಲಿನಲ್ಲಿ ದಾಸೋಜ, ಚಾವಣ ಎಂಬ ಶಿಲ್ಪಿಗಳ ಹೆಸರಿದೆ. ಕೆರ ಹೊಲಿದವರ ಹೆಸರೆಲ್ಲಿ? ಮಕ್ಕಳನ್ನು ಪ್ರವಾಸಕ್ಕೆ ಕರೆದೊಯ್ಯುವ ಮೇಷ್ಟ್ರುಗಳೇ, ಮದನಿಕೆಯರನ್ನು ತೋರಿಸಿ. ಅಂಗಳದಲ್ಲೇ ನಿಂತವರ ಕತೆಯನ್ನೂ ಹೇಳಿ.