ಗೋಡೆಗೆ ಶಿಷ್ಯರಾದವರು

ಊಟಿಯ ಜಲವರ್ಣಗಳನ್ನು ಬರೆಯುವ ಎಷ್ಟೋ ವರ್ಷ ಮೊದಲೇ ಮೈಸೂರಿನ ಚಿತ್ರಕಾರ ಕೆ. ವೆಂಕಟಪ್ಪ ಅಜಂತಾದಲ್ಲಿ ಬೀಡುಬಿಟ್ಟ ಚಿತ್ರಕಾರರ ತಂಡದಲ್ಲಿದ್ದರು. ಆ ಬೀಡನ್ನು ದಾಟಿ ನೇರ ಊಟಿಗೆ ಹೋಗಲು ಮನಸ್ಸು ಒಪ್ಪುತ್ತಿಲ್ಲ.

ಅಜಂತಾ ಮೂಲತಃ ಭಿಕ್ಷುಗಳ ವಸತಿ. ವಾಘೋರಾ ನದಿಯ ಲಾಳಾಕಾರದ ತಿರುವಿನಲ್ಲಿ ಬಂಡೆ ಕೊರೆದ ವಿಹಾರಗಳು, ಒಳಗೆ ಮಲಗುವ ಕೋಣೆಗಳು, ಒಳತುದಿಯಲ್ಲಿ ಬುದ್ಧ. ಐದನೇ ಶತಮಾನದಲ್ಲಿ, ವಾಕಾಟಕ ದೊರೆ ಹರಿಷೇಣನ ಕಾಲಕ್ಕೆ ಅಲ್ಲಿನ ಚಿತ್ರಕಲೆ ಶಿಖರ ಮುಟ್ಟಿತು. ಆಮೇಲೆ ಜಾಗ ಕ್ರಮೇಣ ಪಾಳುಬಿತ್ತು. 1819ರಲ್ಲಿ ಜಾನ್ ಸ್ಮಿತ್ ಎಂಬ ಸೇನಾಧಿಕಾರಿ ಹತ್ತನೇ ಗುಹೆಯಲ್ಲಿ ತನ್ನ ಹೆಸರು ಗೀಚಿಟ್ಟು ಹೋದ. ಅಲ್ಲಿಂದ ನಕಲುಗಾರರ ಸರದಿ.

ಆ ಸರದಿಯ ಕಥೆ ಬೆಂಕಿಯ ಕಥೆಯೂ ಹೌದು. 1844ರಲ್ಲಿ ನೇಮಕಗೊಂಡ ರಾಬರ್ಟ್ ಗಿಲ್ ವರ್ಷಗಟ್ಟಲೆ ಅಲ್ಲೇ ಉಳಿದು ತೈಲವರ್ಣದಲ್ಲಿ ಬೃಹತ್ ಪ್ರತಿಗಳನ್ನು ಮಾಡಿದ. ಲಂಡನ್ನಿನ ಕ್ರಿಸ್ಟಲ್ ಪ್ಯಾಲೇಸಿನಲ್ಲಿಟ್ಟಿದ್ದ ಅವುಗಳಲ್ಲಿ ಬಹುಪಾಲು 1866ರ ಬೆಂಕಿಗೆ ಆಹುತಿಯಾದವು. ಮುಂದೆ ಮುಂಬಯಿ ಕಲಾಶಾಲೆಯ ಜಾನ್ ಗ್ರಿಫಿತ್ಸ್ ವಿದ್ಯಾರ್ಥಿಗಳನ್ನು ಕಟ್ಟಿಕೊಂಡು 1872ರಿಂದ ಮತ್ತೆ ಶುರುಮಾಡಿದ. ಆ ಕ್ಯಾನ್ವಾಸುಗಳಲ್ಲಿ ಹಲವು 1885ರಲ್ಲಿ ಸೌತ್ ಕೆನ್ಸಿಂಗ್ಟನ್ನಿನಲ್ಲಿ ಸುಟ್ಟುಹೋದವು. ಜಪಾನಿನ ಅರಾಯ್ ಕಾಂಪೊ ಬಂದು ಬರೆದುಕೊಂಡು ಹೋದ ಪ್ರತಿಗಳು 1923ರ ಟೋಕಿಯೊ ಭೂಕಂಪದಲ್ಲಿ ನಾಶವಾದವು.

ಗ್ರಿಫಿತ್ಸ್ ಪಂಥದ ಮೇಲೆ ಈ ಅಂಕಣಕ್ಕೆ ಹಳೆಯ ತಕರಾರು ಇದೆ. ಬಣ್ಣ ಎದ್ದು ಕಾಣಲೆಂದು ಮೂಲ ಭಿತ್ತಿಗೇ ವಾರ್ನಿಷ್ ಬಳಿದದ್ದು ಕ್ಷಮಿಸಲಾಗದ ಕೆಲಸ. ಮಣ್ಣಿನ ಗಾರೆ, ಅದರ ಮೇಲೆ ತೆಳುವಾದ ಸುಣ್ಣ, ಅಂಟಿನಲ್ಲಿ ಕಲಸಿದ ಖನಿಜ ಬಣ್ಣ: ಇಂಥ ಮೈಯನ್ನು ಎಣ್ಣೆಯ ಹೊಳಪಿನಲ್ಲಿ ಹಿಡಿಯಹೊರಟಾಗಲೇ ಅವರ ಕಣ್ಣು ದಾರಿ ತಪ್ಪಿತ್ತು.

ಕ್ರಿಸ್ಟಿಯಾನಾ ಹೆರಿಂಗ್‌ಹ್ಯಾಮ್ ಅವರದು ಬೇರೆ ಕಣ್ಣು. ಮೊಟ್ಟೆಯ ಹಳದಿಯಲ್ಲಿ ಬಣ್ಣ ಕಲಸುವ ಟೆಂಪೆರಾ ವಿದ್ಯೆಗೆ ಇಂಗ್ಲೆಂಡಿನಲ್ಲಿ ಮರುಜೀವ ಕೊಟ್ಟವರಲ್ಲಿ ಆಕೆ ಒಬ್ಬರು. ಇಟಲಿಯ ಚೆನ್ನಿನೊ ಚೆನ್ನಿನಿ 1400ರ ಸುಮಾರಿಗೆ ಬರೆದ ಚಿತ್ರಕಾರರ ಕೈಪಿಡಿಯನ್ನು ಆಕೆ 1899ರಲ್ಲಿ ಇಂಗ್ಲಿಷಿಗೆ ತಂದರು. ಚಿತ್ರ ಕಲಿಯುವವರಿಗೆ ಅದಕ್ಕಿಂತ ಒಳ್ಳೆಯ ಪುಸ್ತಕ ಸಿಗುವುದು ಕಷ್ಟ. ಸಣ್ಣ ಹಲಗೆಯ ಮೇಲೆ ರೇಖೆ ಎಳೆಯುವುದಕ್ಕೇ ಒಂದು ವರ್ಷ ಬೇಕು ಎನ್ನುತ್ತಾನೆ ಚೆನ್ನಿನಿ. ಆಮೇಲೆ ಗುರುವಿನ ಬಳಿ ಆರು ವರ್ಷ ಬಣ್ಣ ಅರೆಯಬೇಕು, ಅಂಟು ಕಾಯಿಸಬೇಕು, ಹಲಗೆ ಹದ ಮಾಡಬೇಕು. ಮತ್ತೆ ಆರು ವರ್ಷ ಬಣ್ಣ ಹಚ್ಚುವುದನ್ನೂ ಗೋಡೆಯ ಕೆಲಸವನ್ನೂ ಕಲಿಯಬೇಕು. ಹಬ್ಬವಿರಲಿ, ಕೆಲಸದ ದಿನವಿರಲಿ, ರೇಖೆ ಬಿಡಕೂಡದು. ಒಬ್ಬನೇ ಗುರುವನ್ನು ಆರಿಸಿ ಅವನ ಕೃತಿಗಳನ್ನೇ ಬರೆಯುತ್ತಿರು. ಇವತ್ತು ಇವನು ನಾಳೆ ಅವನು ಎಂದು ಅಲೆದರೆ ಯಾರ ಶೈಲಿಯೂ ದಕ್ಕದು ಎಂಬುದು ಅವನ ಎಚ್ಚರಿಕೆ.

ಈ ಪಾಠ ಅರಗಿಸಿಕೊಂಡಿದ್ದ ಹೆಂಗಸು 1909ರಿಂದ 1911ರವರೆಗಿನ ಎರಡು ಚಳಿಗಾಲ ಅಜಂತಾದಲ್ಲಿ ಕೆಲಸ ಮಾಡಿದರು. ಫರ್ದಾಪುರದ ಬಳಿ ಡೇರೆ. ಕಲ್ಕತ್ತೆಯಿಂದ ಅವನೀಂದ್ರನಾಥ ಠಾಕೂರರ ಶಿಷ್ಯರು ಬಂದು ಸೇರಿದರು: ನಂದಲಾಲ್ ಬೋಸ್, ಅಸಿತ್ ಕುಮಾರ್ ಹಲ್ದಾರ್, ಸಮರೇಂದ್ರನಾಥ ಗುಪ್ತ ಮತ್ತು ನಾಲ್ವಡಿ ಕೃಷ್ಣರಾಜ ಒಡೆಯರ ನೆರವಿನಿಂದ ಓದುತ್ತಿದ್ದ ಮೈಸೂರಿನ ವೆಂಕಟಪ್ಪ. ಹೈದರಾಬಾದಿನಿಂದಲೂ ಇಬ್ಬರು ಕಲಾವಿದರು ಬಂದಿದ್ದರು. ಆ ಪ್ರತಿಗಳು 1915ರಲ್ಲಿ ಪುಸ್ತಕವಾಗಿ ಬಂದವು. ಅಷ್ಟರಲ್ಲಿ ಹೆರಿಂಗ್‌ಹ್ಯಾಮ್ ಮನೋರೋಗಕ್ಕೆ ತುತ್ತಾಗಿದ್ದರು. 1929ರಲ್ಲಿ ತೀರಿಕೊಳ್ಳುವವರೆಗೂ ಚೇತರಿಸಿಕೊಳ್ಳಲಿಲ್ಲ.

ಆ ಹುಡುಗರು ಗೋಡೆಯಿಂದ ಕಲಿತದ್ದು ಏನೆಂದು ತಿಳಿಯಲು ಒಂದನೇ ಗುಹೆಯ ಪದ್ಮಪಾಣಿ ಬೋಧಿಸತ್ವನ ಮುಖವನ್ನೇ ನೋಡಬೇಕು. ಬಾಗಿದ ಹುಬ್ಬಿನ ರೇಖೆ ಎಲ್ಲೂ ತಡವರಿಸಿಲ್ಲ. ಮೂಗಿನ ಏಣಿನ ಮೇಲೆ ಬೆಳಕಿನ ತೆಳು ಎಳೆ. ಅಷ್ಟರಿಂದಲೇ ಮುಖಕ್ಕೆ ಉಬ್ಬು ಬಂದಿದೆ. ಕೆಳಗೆ ಬಗ್ಗಿದ ರೆಪ್ಪೆಯ ಅಂಚು ಕೂದಲೆಳೆಯಷ್ಟು ಆಚೀಚೆಯಾದರೂ ಕರುಣೆ ಹೋಗಿ ತೂಕಡಿಕೆ ಬರುತ್ತದೆ. ಇದನ್ನು ಫೋಟೊ ತೋರಿಸಬಲ್ಲದು, ಕಲಿಸಲಾರದು. ಅದೇ ಹುಬ್ಬನ್ನು ಕೈಯಾರೆ ಬರೆದು, ಅಳಿಸಿ, ಮತ್ತೆ ಬರೆದವನಿಗೆ ಕುಂಚ ಎಲ್ಲಿ ಒತ್ತಿತು, ಎಲ್ಲಿ ಹಗುರಾಯಿತು ಎಂಬುದು ಬೆರಳಿಗೇ ಗೊತ್ತಾಗುತ್ತದೆ. ನಂದಲಾಲರು 1938ರ ಹರಿಪುರ ಕಾಂಗ್ರೆಸ್ಸಿಗೆ ಬರೆದ ಫಲಕಗಳ ರೇಖೆಯಲ್ಲಿ ಆ ಬೆರಳಿನ ಜ್ಞಾನ ಸ್ಪಷ್ಟವಾಗಿದೆ.

ನಕಲು ಮಾಡಿದರೆ ಸ್ವಂತಿಕೆ ಸಾಯುತ್ತದೆ ಎನ್ನುವವರಿಗೆ ಇದೇ ತಂಡ ಉತ್ತರ. ನಂದಲಾಲ್ ಮತ್ತು ವೆಂಕಟಪ್ಪ ಒಂದೇ ಗೋಡೆಯಿಂದ ಕಲಿತವರು, ಆದರೆ ಒಬ್ಬರ ಚಿತ್ರ ಇನ್ನೊಬ್ಬರದರಂತೆ ಇಲ್ಲವೇ ಇಲ್ಲ. ಕಲಾವಿದರು ಕೆಲಕಾಲ ತಂಗಿ ಕೆಲಸ ಮಾಡುವ ಇಂದಿನ ರೆಸಿಡೆನ್ಸಿಗಳಲ್ಲಿ ಬಂದ ದಿನದಿಂದಲೇ ಪರಿಕಲ್ಪನೆ, ಟಿಪ್ಪಣಿ, ಪ್ರದರ್ಶನದ ಯೋಚನೆ. ಪಾಳುಬಿದ್ದ ಜಾಗ ಚಿತ್ರದ ಹಿನ್ನೆಲೆಯಾಗುತ್ತದೆ, ಗುರುವಾಗುವುದಿಲ್ಲ. ಅಲ್ಲಿದ್ದು ಅಲ್ಲಿನ ಒಂದು ರೇಖೆಯೂ ಕೈಗೆ ಹತ್ತದಿದ್ದರೆ ಅಷ್ಟು ದೂರ ಹೋದದ್ದು ವ್ಯರ್ಥ.

ನಮ್ಮ ಚಿತ್ರಕಲಾ ಶಾಲೆಗಳ ಮೇಷ್ಟರುಗಳಲ್ಲಿ ಒಂದು ವಿನಂತಿ. ಬಾದಾಮಿಯ ಮೂರನೇ ಗುಹೆಯಲ್ಲಿ, 578ರಲ್ಲಿ ಮಂಗಳೇಶ ಮಾಡಿಸಿದ ಆ ಗುಡಿಯಲ್ಲಿ, ಚಿತ್ರಗಳ ಚೂರುಗಳಷ್ಟೇ ಉಳಿದಿವೆ. ಈ ಚಳಿಗಾಲ ಪುರಾತತ್ವ ಇಲಾಖೆಯ ಅನುಮತಿ ಪಡೆದು ನಾಲ್ಕಾರು ಹುಡುಗ ಹುಡುಗಿಯರನ್ನು ಅಲ್ಲಿಗೆ ಕರೆದೊಯ್ಯಿರಿ. ಗೋಡೆ ಮುಟ್ಟುವುದು ಬೇಡ. ಎದುರು ಕೂತು, ಉಳಿದಷ್ಟನ್ನು ಪೆನ್ಸಿಲ್ಲಿನಲ್ಲಿ ಬರೆಯಲಿ.